ನೀಲಿ ಬಸ್ಸು ಮಲಗುವ ಹೊತ್ತು

ಉಚ್ಚಿಲದ ಶಹನಾಝಳ ಮಗಳು ಉಮೈರಾಳಿಗೆ ನಾಲ್ಕು ತುಂಬಿದ ಮೇಲೆ ಆ ಮನೆಯಲ್ಲಿ ನಿದ್ದೆ ಎಂಬುದೊಂದು ಚರ್ಚೆಯ ವಿಷಯವಾಯಿತು. ಎಂಟೂವರೆಗೆ ಹಾಸಿಗೆ ಹಾಸಿದರೆ ಆ ಹುಡುಗಿಗೆ ಆಗಷ್ಟೇ ಬೆಳಗಾಗುತ್ತಿತ್ತು. ಶಹನಾಝಳ ಅತ್ತೆ ನಬೀಸಾ ತಮಗೆ ತಿಳಿದಿದ್ದ ಒಂದೇ ಮದ್ದು ಪ್ರಯೋಗಿಸಿದರು. ಅದು ಬಾವಿಯೊಳಗಿನ ಜಿನ್ನಿನ ಕಥೆ. ಕಥೆ ಅರ್ಧವಾಗುವಷ್ಟರಲ್ಲಿ ನಬೀಸಾ ಗೊರಕೆ ಹೊಡೆಯುತ್ತಿದ್ದರು, ಉಮೈರಾ ಎದ್ದು ಕಿಟಕಿಯ ಚಿಲಕ ಸರಿಯಾಗಿ ಹಾಕಿದೆಯೇ ಎಂದು ನೋಡುತ್ತಿದ್ದಳು.

ದಮ್ಮಾಮಿನಲ್ಲಿ ಕೆಲಸದಲ್ಲಿದ್ದ ಗಂಡ ಸಫ್ರಾಝ್ ವಿಡಿಯೋ ಕಾಲಿನಲ್ಲಿ ಪರಿಹಾರ ಹೇಳಿದ. "ಚಿತ್ರದ ಪುಸ್ತಕ ಓದಿ ಮಲಗಿಸಬೇಕಂತೆ. ಅದಕ್ಕೇ ಅಂತ ಬರೆದದ್ದು ಬರ್ತದೆ. ಮಣಿಪಾಲದಲ್ಲಿ ಸಿಗಬಹುದು, ನೋಡು."

ಮಣಿಪಾಲದ ಎ.ಸಿ. ಅಂಗಡಿಯಲ್ಲಿ ಸಿಕ್ಕಿತು. ಕೌಂಟರಿನ ಹುಡುಗಿ, "ಇದು ಸೈಂಟಿಫಿಕ್ ಆಗಿ ನಿದ್ದೆ ಬರಿಸುವ ಪುಸ್ತಕ ಮೇಡಂ, ಮೂರು ಪುಟದಲ್ಲಿ ಔಟ್" ಎಂದು ಭರವಸೆ ಕೊಟ್ಟಳು. ಪುಸ್ತಕದಲ್ಲಿ ಒಂದು ಕರಡಿ ಇತ್ತು. ಹೊರಗೆ ಹಿಮ ಸುರಿಯುತ್ತಿತ್ತು. ಕರಡಿ ಉಣ್ಣೆಯ ಟೊಪ್ಪಿ ಹಾಕಿಕೊಂಡು ಬೆಂಕಿಯ ಮುಂದೆ ಕುಳಿತು ಆಕಳಿಸುತ್ತಿತ್ತು.

"ಉಮ್ಮಾ, ಈ ಬಿಳಿ ಎಂತದು?"

"ಹಿಮ. ಅಂದರೆ ಐಸ್."

"ಕರಡಿಗೆ ಚಳಿಯಾ?"

"ಹೌದು. ಅದಕ್ಕೇ ಬೆಂಕಿ."

"ಚಳಿ ಆದರೆ ಐಸ್ ಯಾಕೆ ತರಿಸಿದ್ದು?"

ಏಪ್ರಿಲ್ ತಿಂಗಳು. ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೂ ತಾಯಿ ಮಗಳಿಬ್ಬರೂ ಬೆವರುತ್ತಿದ್ದರು. ಕರಡಿ ಆ ದಿನ ಮೂರು ಸಲ ಮಲಗಿ ಎದ್ದಿತು. ಉಮೈರಾ ಒಂದು ಸಲವೂ ಮಲಗಲಿಲ್ಲ.

ಶಹನಾಝ್ ಕಾಪುವಿನ ಒಂದು ಶಾಲೆಯಲ್ಲಿ ಎಲ್.ಕೆ.ಜಿ. ಮಕ್ಕಳಿಗೆ ಕಲಿಸುತ್ತಿದ್ದಳು. ಡ್ರಾಯಿಂಗ್ ಶೀಟಿಗೂ ಕ್ರೇಯಾನಿಗೂ ಬರ ಇರಲಿಲ್ಲ. ಮರುದಿನ ಸಂಜೆ ಅವಳೇ ಕುಳಿತಳು. ಅವಳ ತಂದೆ ಕಾಸಿಂ ಇಪ್ಪತ್ತೆಂಟು ವರ್ಷ ಕಾರ್ಕಳದಿಂದ ಕಾಪುವಿಗೆ ಬಸ್ಸು ಓಡಿಸಿದವರು, ಈಗ ನಿವೃತ್ತರಾಗಿ ಪಡುಬಿದ್ರಿಯ ಮನೆಯಲ್ಲಿ ಇದ್ದರು. ಚಿಕ್ಕಂದಿನಲ್ಲಿ ರಜೆಯಲ್ಲಿ ಅವಳು, ತಾನು ಉಪ್ಪ ಎಂದು ಕರೆಯುವ ಅಪ್ಪನ ಕೊನೆಯ ಟ್ರಿಪ್ಪಿನಲ್ಲಿ ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದಳು. ಅದನ್ನೇ ಬರೆದಳು. ಕಾರ್ಕಳದಲ್ಲಿ ತುಂಬಿ ತುಳುಕುವ ನೀಲಿ ಬಸ್ಸು. ಬೆಳ್ಮಣ್ಣಿನಲ್ಲಿ ಕಾಲೇಜಿನ ಹುಡುಗಿಯರು ಇಳಿಯುತ್ತಾರೆ. ನಂದಿಕೂರಿನಲ್ಲಿ ಎತ್ತರದ ಚಿಮಣಿಯ ನೆತ್ತಿಯಲ್ಲಿ ಕೆಂಪು ದೀಪ ಕಣ್ಣು ಮಿಟುಕಿಸುತ್ತದೆ. ಪಡುಬಿದ್ರಿಯಲ್ಲಿ ಖಾಲಿ ಬುಟ್ಟಿಯ ಮೀನಿನ ಹೆಂಗಸು ಇಳಿಯುತ್ತಾಳೆ. ಪ್ರತಿ ಪುಟದಲ್ಲೂ ಕಂಡಕ್ಟರು ನಮ್ಮ ಕಡೆಯ ಕಂಡಕ್ಟರುಗಳು ಬಸ್ಸು ಹೊರಡಿಸಲು ಕೂಗುವ ಹಾಗೆ "ರೈಟ್, ಪೋಯಿ" ಅನ್ನುತ್ತಾನೆ. ಆದರೆ ಒಂದೊಂದು ಸ್ಟಾಪಿಗೂ ಜನ ಕಡಿಮೆಯಾದಂತೆ ಅವನ ದನಿ ಸಣ್ಣದಾಗುತ್ತದೆ. ಅಕ್ಷರಗಳೂ ಸಣ್ಣವಾಗುತ್ತವೆ. ಕಾಪುವಿನಲ್ಲಿ ಬಿಳಿ ಟೊಪ್ಪಿಯ ಡ್ರೈವರು ಇಂಜಿನ್ ಬಂದ್ ಮಾಡಿ, ದೀಪ ಆರಿಸಿ, ಬಸ್ಸಿನ ಬಾನೆಟ್ಟನ್ನು ಒಮ್ಮೆ ತಟ್ಟುತ್ತಾನೆ. ಅಷ್ಟೇ.

ಹದಿನಾಲ್ಕು ಹಾಳೆ. ಚೀಲ ಹೊಲಿಯುವ ದಾರದಿಂದ ಹೊಲಿದಳು. ಆರನೇ ಪುಟ ಬರೆಯುವಾಗ ಉಮೈರಾ ಬಂದು, ಪಕ್ಕದಿಂದ ಕಾಣುವ ಬಸ್ಸಿಗೆ ಮುಂದೊಂದು ಹಿಂದೊಂದು ಚಕ್ರ ಇದ್ದದ್ದು ಸಾಲದೆಂದು ನಡುವೆ ಇನ್ನೊಂದು ಚಕ್ರ ಬರೆದಳು. ಶಹನಾಝ್ ಅಳಿಸಲು ಹೋಗಲಿಲ್ಲ. ಕ್ರೇಯಾನ್ ಅಳಿಸಿದರೆ ಹೋಗುವುದೂ ಇಲ್ಲ.

ಮೊದಲ ದಿನ ಬಸ್ಸು ಪಡುಬಿದ್ರಿಗೆ ಮುಟ್ಟಿತು. ಎರಡನೇ ದಿನ ನಂದಿಕೂರಿನಲ್ಲೇ ಉಮೈರಾಳ ಕಣ್ಣು ಮುಚ್ಚಿತು. ವಾರ ಕಳೆಯುವಾಗ ಬೆಳ್ಮಣ್ ದಾಟುವುದೇ ಕಷ್ಟವಾಯಿತು. ಕೇಳುತ್ತ ಕುಳಿತಿದ್ದ ನಬೀಸಾ ಮಾತ್ರ, "ಇದರಲ್ಲಿ ಹೆದರಿಕೆಯೇ ಇಲ್ಲವಲ್ಲ, ಇದೆಂತ ಕಥೆ?" ಎಂದರು.

ಶಾಲೆಯ ಸಹೋದ್ಯೋಗಿ ಆನಿ ಟೀಚರ್ ತನ್ನ ಮಗಳಿಗೆಂದು ಪುಸ್ತಕವನ್ನು ಕೇಳಿ ಒಯ್ದಳು. ವಾರದ ಮೇಲೆ ತಂದುಕೊಡುವಾಗ ಅವಳ ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. "ಶಹನಾಝ್, ಇದನ್ನು ಪ್ರಿಂಟ್ ಮಾಡಿಸು ಮಾರಾಯ್ತಿ. ನನ್ನ ಗಂಡ ಕೂಡ ಮಲಗಿದರು. ಅವರಿಗೆ ಓದಿದ್ದೂ ಅಲ್ಲ, ಆಚೆ ಕೋಣೆಯಲ್ಲಿದ್ದರು."

ಉಡುಪಿಯಲ್ಲಿ ಮದುವೆ ಕಾಗದ, ಗೃಹಪ್ರವೇಶದ ಕಾಗದ ಅಚ್ಚು ಹಾಕುವ ಲೂಯಿಸ್ ಎಂಬವರ ಪ್ರೆಸ್ಸಿತ್ತು. ಆಗಾಗ ಊರಿನ ಕವಿಗಳ ಪುಸ್ತಕವನ್ನೂ ಮಾಡುತ್ತಿದ್ದರು. ಅವರು ಹಾಳೆಗಳನ್ನು ತಿರುವಿ ನೋಡಿ, "ಚಂದ ಉಂಟು" ಎಂದರು. "ಆದರೆ ಮುನ್ನುಡಿ ಬೇಕು."

"ಮಕ್ಕಳ ಪುಸ್ತಕ ಅಲ್ವಾ ಸರ್? ಮಕ್ಕಳು ಮುನ್ನುಡಿ ಓದುತ್ತಾರಾ?"

"ದೊಡ್ಡವರೂ ಓದುವುದಿಲ್ಲ. ಆದರೂ ಬೇಕು. ಮುನ್ನುಡಿ ಇಲ್ಲದಿದ್ದರೆ ಪುಸ್ತಕವನ್ನು ತಿಳಿದವರು ಯಾರೂ ನೋಡಿಲ್ಲ ಅಂತ ಜನ ತಿಳಿಯುತ್ತಾರೆ. ಕಾರ್ಕಳದ ಉಮಾನಾಥ ಸರ್ ಹತ್ತಿರ ಹೋಗಿ. ಎಲ್ಲರಿಗೂ ಬರೆದು ಕೊಡುತ್ತಾರೆ."

ಡಾಕ್ಟರ್ ಉಮಾನಾಥರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮೂವತ್ತೊಂದು ಕೃತಿಗಳ ಕರ್ತೃ. ಇನ್ನೂರ ಹನ್ನೆರಡು ಮುನ್ನುಡಿಗಳನ್ನು ಬರೆದಿದ್ದರು, ಆ ಮುನ್ನುಡಿಗಳನ್ನೇ ಒಟ್ಟುಮಾಡಿ ಎರಡು ಸಂಪುಟ ತಂದಿದ್ದರು, ಆ ಸಂಪುಟಗಳಿಗೆ ಸ್ವತಃ ಮುನ್ನುಡಿ ಬರೆದಿದ್ದರು. ಮನೆಯ ಚಾವಡಿಯಲ್ಲಿ ಶಾಲು, ಫಲಕ, ಸ್ಮರಣಿಕೆಗಳು ಎಷ್ಟಿದ್ದವೆಂದರೆ ಬಂದವರು ಕೂರಲು ಒಂದೆರಡನ್ನು ಸರಿಸಬೇಕಾಗುತ್ತಿತ್ತು. ಶಹನಾಝ್ ಒಬ್ಬ ನಗುವ ಬುದ್ಧನನ್ನೂ ಒಂದು ಹಿತ್ತಾಳೆಯ ಆನೆಯನ್ನೂ ಸರಿಸಿ ಕೂತಳು. ಉಮಾನಾಥರ ಹೆಂಡತಿ ಮೋಹಿನಿ ಚಹಾ ತಂದಿಟ್ಟರು. ಅವರ ಸೀರೆಯ ಸೆರಗು ಹಿಡಿದು ಮೊಮ್ಮಗಳು ಮೋಕ್ಷಾ ನಿಂತಿದ್ದಳು.

ಉಮಾನಾಥರು ಹದಿನಾಲ್ಕು ಹಾಳೆಗಳನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿದರು. "ಸಂದೇಶ ಎಲ್ಲಿ?"

"ಸರ್, ಇದನ್ನು ಓದಿದರೆ ಮಕ್ಕಳಿಗೆ ನಿದ್ದೆ ಬರ್ತದೆ."

"ನಿದ್ದೆ ಸಂದೇಶ ಅಲ್ಲಮ್ಮ. ಸಾಹಿತ್ಯದ ಕೆಲಸ ಎಚ್ಚರಿಸುವುದು." ಸ್ವಲ್ಪ ಹೊತ್ತು ಸೂರು ನೋಡಿದರು. "ಇರಲಿ. ಇಟ್ಟು ಹೋಗಿ. ಕೂಲಂಕಷವಾಗಿ ಓದಬೇಕು."

ಅವಳು ಪ್ರತಿ ಇಟ್ಟುಕೊಂಡಿರಲಿಲ್ಲ. ಹದಿನಾಲ್ಕೂ ಹಾಳೆಗಳನ್ನು ಅಲ್ಲಿಯೇ ಬಿಟ್ಟು ಬಂದಳು. ಉಮೈರಾಳಿಗೆ ಬಸ್ಸನ್ನು ಬಾಯಲ್ಲೇ ಹೇಳಬೇಕಾಯಿತು. ತಿಂಗಳ ಮೇಲೆ ಫೋನ್ ಮಾಡಿದಳು. "ಓದುತ್ತಿದ್ದೇನೆ" ಎಂದರು. ಮಳೆಗಾಲ ಶುರುವಾದ ಮೇಲೆ ಮಾಡಿದಳು. "ಎಂಟನೇ ಪುಟದಲ್ಲಿದ್ದೇನೆ. ಗಹನವಾಗಿದೆ." ಅಕ್ಟೋಬರಿನಲ್ಲಿ ಮಾಡಿದಾಗ ಫೋನ್ ಎತ್ತಲಿಲ್ಲ.

ನವೆಂಬರಿನಲ್ಲಿ ಆನಿ ಟೀಚರ್ ಸ್ಟಾಫ್ ರೂಮಿಗೆ ಒಂದು ಪುಸ್ತಕ ಹಿಡಿದುಕೊಂಡು ಬಂದಳು. ಶಾಲೆಗೆ ಇಪ್ಪತ್ತು ಪ್ರತಿ ಬಂದಿದ್ದವು. "ಎಲ್.ಕೆ.ಜಿ.ಯವರಿಗೆ ಹಂಚಬೇಕಂತೆ. ನೋಡು ಇದನ್ನು."

ನುಣುಪು ಕಾಗದ, ದಪ್ಪ ರಟ್ಟು. 'ಸುಜ್ಞಾನ ಸಾರಿಗೆ: ಮಕ್ಕಳ ಸುಖನಿದ್ರೆಗಾಗಿ ಮೌಲ್ಯಾಧಾರಿತ ಚಿತ್ರಕಥೆ'. ಕರ್ತೃ, ಡಾ. ಉಮಾನಾಥ. ಮುನ್ನುಡಿ, ಡಾ. ಉಮಾನಾಥ. ಮುಖಪುಟದಲ್ಲಿ ನೀಲಿ ಬಸ್ಸು, ಈಗ ಕೇಸರಿಗೆ ಹತ್ತಿರದ ಹಳದಿಯಾಗಿ, ಕಾರ್ಕಳದಿಂದ ಹೊರಟಿತ್ತು.

ಶಹನಾಝ್ ನಿಂತೇ ಓದಿದಳು. ಬಸ್ಸು ಅದೇ, ದಾರಿ ಅದೇ, ಸ್ಟಾಪುಗಳು ಅವೇ. ಆದರೆ ಎಲ್ಲರೂ ಸುಧಾರಿಸಿದ್ದರು. ಬೆಳ್ಮಣ್ಣಿನಲ್ಲಿ ಇಳಿಯುವ ಹುಡುಗಿಯರು ಹಿರಿಯರಿಗೆ ನಮಸ್ಕರಿಸಿ ಇಳಿಯುತ್ತಿದ್ದರು. ಮೀನಿನ ಹೆಂಗಸು ಮಲ್ಲಿಗೆಯ ಹೆಂಗಸಾಗಿದ್ದಳು. ನಂದಿಕೂರಿನ ಚಿಮಣಿಯಿದ್ದಲ್ಲಿ ಗೋಪುರ ಎದ್ದಿತ್ತು, ಕೆಂಪು ದೀಪವಿದ್ದಲ್ಲಿ ಸೂರ್ಯ ಉದಯಿಸಿದ್ದ. ಸಮಯ ರಾತ್ರಿ ಎಂಟೂಕಾಲು ಎಂದು ಅದೇ ಪುಟದಲ್ಲಿ ಅಚ್ಚಾಗಿತ್ತು. ಡ್ರೈವರಿನ ಬಿಳಿ ಟೊಪ್ಪಿ ಹೋಗಿ ಪೇಟ ಬಂದಿತ್ತು. ಖಾಕಿ ಅಂಗಿಗೆ ಮೈಸೂರು ಪೇಟ. "ರೈಟ್, ಪೋಯಿ" ಇದ್ದಲ್ಲೆಲ್ಲ ಕಂಡಕ್ಟರು, "ಸಾಗೋಣ ಮುಂದೆ, ಓ ಭಾವೀ ಪ್ರಜೆಗಳೇ!" ಎನ್ನುತ್ತಿದ್ದ. ಅಕ್ಷರಗಳು ಒಂದೊಂದು ಸ್ಟಾಪಿಗೂ ದೊಡ್ಡವಾಗುತ್ತ ಹೋಗಿದ್ದವು. ಪ್ರತಿ ಪುಟದ ಅಡಿಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಇತ್ತು.

ಆರನೇ ಪುಟದಲ್ಲಿ ಬಸ್ಸಿಗೆ ಮೂರು ಚಕ್ರ.

ಚಿತ್ರ ಬರೆದವರು ಮಣಿಪಾಲದ ಒಬ್ಬ ಕಲಾವಿದರು. ಕೊಟ್ಟದ್ದನ್ನು ನಿಷ್ಠೆಯಿಂದ ನೋಡಿ ಬರೆದಿದ್ದರು, ಪಾಪ.

"ಅಳಬೇಡ" ಎಂದಳು ಆನಿ.

"ಅಳುವುದಿಲ್ಲ" ಎಂದಳು ಶಹನಾಝ್. ನಿಜಕ್ಕೂ ಅಳು ಬಂದಿರಲಿಲ್ಲ. "ಉಪ್ಪನ ಟೊಪ್ಪಿ ತೆಗೆದದ್ದು ಯಾಕೆ ಅಂತ ಕೇಳಬೇಕು, ಅಷ್ಟೇ."

ಆ ಶನಿವಾರ ಇಬ್ಬರೂ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದರು. ಉಮಾನಾಥರು ಚಾವಡಿಯಲ್ಲೇ ಇದ್ದರು. ಬುದ್ಧನ ಪಕ್ಕಕ್ಕೆ ಹೊಸದೊಂದು ಶಾಲು ಸೇರಿತ್ತು. ಅವರು ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. "ಬನ್ನಿ, ಬನ್ನಿ. ನಿಮ್ಮ ಊರಿನ ಬಸ್ಸು ಪುಸ್ತಕವಾಯಿತು, ನೋಡಿದಿರಾ?"

"ಸರ್, ಇದು ನನ್ನ ಪುಸ್ತಕ."

"ನಿನ್ನದು, ನನ್ನದು. ಸಾಹಿತ್ಯದಲ್ಲಿ ಆ ಅಹಂ ಇರಬಾರದಮ್ಮ."

"ಹಾಗಾದರೆ ಮುಖಪುಟದಲ್ಲಿ ನಿಮ್ಮ ಹೆಸರು ಯಾಕೆ ಸರ್?"

"ಯಾರದ್ದಾದರೂ ಒಂದು ಹಾಕಬೇಕಲ್ಲ."

ಆನಿಗೆ ನಗು ಬಂತು, ಅದನ್ನು ಕೆಮ್ಮಾಗಿ ಮಾಡಿದಳು. ಉಮಾನಾಥರು ಮುಂದುವರಿಸಿದರು. "ನೋಡಿ, ನೀವು ಕೊಟ್ಟದ್ದು ಕಚ್ಚಾ ವಸ್ತು. ಬಸ್ಸು ಅನ್ನುವುದು ಸಾರ್ವಜನಿಕ ಸೊತ್ತು. ಯಾರು ಬೇಕಾದರೂ ಹತ್ತಬಹುದು."

"ಇದು ಪ್ರೈವೇಟ್ ಬಸ್ಸು ಸರ್" ಎಂದಳು ಆನಿ.

"ಟೊಪ್ಪಿ ಯಾಕೆ ತೆಗೆದಿರಿ?" ಎಂದು ಶಹನಾಝ್ ಕೇಳಿದಳು.

"ಎಲ್ಲರಿಗೂ ಒಪ್ಪಿಗೆ ಆಗಬೇಕಲ್ಲಮ್ಮ. ನನಗೆ ಏನೂ ಇಲ್ಲ. ನನಗೆ ಎಲ್ಲರೂ ಒಂದೇ. ಆದರೆ ಪುಸ್ತಕ ಶಾಲೆಗಳಿಗೆ ಹೋಗಬೇಕು. ಮೀನೂ ಹಾಗೆಯೇ. ನನಗೆ ಮೀನು ಅಂದರೆ ಪ್ರಾಣ, ಮೋಹಿನಿಯನ್ನು ಕೇಳಿ. ಆದರೆ ಪುಸ್ತಕದಲ್ಲಿ ಅದು ಬೇಡ."

"ಆರನೇ ಪುಟದಲ್ಲಿ ಬಸ್ಸಿಗೆ ಮೂರು ಚಕ್ರ ಉಂಟು ಸರ್. ಅದು ಯಾಕೆ?"

ಉಮಾನಾಥರು ತಮ್ಮ ಪುಸ್ತಕವನ್ನು ತೆಗೆದು ಆರನೇ ಪುಟ ನೋಡಿದರು. ಅವರು ಅದನ್ನು ನೋಡುವುದು ಅದೇ ಮೊದಲೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಎಣಿಸಿದರು. "ಅದು ಸಂಕೇತ."

"ಎಂತದರ ಸಂಕೇತ?"

"ಅದನ್ನು ವಿಮರ್ಶಕರು ಹೇಳಬೇಕು. ಲೇಖಕ ಹೇಳಬಾರದು."

"ಅದು ನನ್ನ ಮಗಳು ಬರೆದದ್ದು. ನೇರಳೆ ಕ್ರೇಯಾನಿನಲ್ಲಿ."

"ನೋಡಿ, ನಿಮ್ಮ ಮಗಳಿಗೂ ಒಂದು ಪ್ರತಿ ಕೊಡುತ್ತೇನೆ" ಎಂದು ಅವರು ಹೆಸರು ಕೇಳಿಕೊಂಡು ಒಳಗೆ ಹೋಗಿ, ಉಮೈರಾಳ ಹೆಸರಿಗೆ ಶುಭ ಹಾರೈಸಿ ಸಹಿ ಮಾಡಿದ ಪುಸ್ತಕ ತಂದುಕೊಟ್ಟರು.

ಇಬ್ಬರೂ ಗೇಟು ದಾಟಿ ನಾಲ್ಕು ಹೆಜ್ಜೆ ಇಡುವಾಗ ಹಿಂದಿನಿಂದ ಮೋಹಿನಿ ಬೇಗ ಬೇಗ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹೊಲಿದ ಹದಿನಾಲ್ಕು ಹಾಳೆಗಳಿದ್ದವು. ಅಂಚು ಸ್ವಲ್ಪ ಸವೆದಿತ್ತು, ಒಂದು ಕಡೆ ಹಾಲಿನ ಕಲೆ.

"ತೆಗೆದುಕೊಳ್ಳಿ ಮಗಾ. ಇವರು ಅದನ್ನು ರದ್ದಿಗೆ ಹಾಕಿದ್ದರು. ನಾನು ಹೆಕ್ಕಿ ಇಟ್ಟೆ. ಮೋಕ್ಷಾ ಮಲಗುವುದು ಇದರಲ್ಲೇ."

"ಸರ್ ಪುಸ್ತಕದಲ್ಲಿ ಮಲಗುವುದಿಲ್ವಾ?" ಎಂದು ಆನಿ ಕೇಳಿಯೇಬಿಟ್ಟಳು.

"ಅಯ್ಯೋ, ಅದನ್ನು ಓದಿದರೆ ಅವಳು ಎದ್ದು ಕೂತು ಪೆನ್ಸಿಲ್ ಕೇಳ್ತಾಳೆ. ಬಿಟ್ಟ ಸ್ಥಳ ತುಂಬಬೇಕಲ್ಲ. ಮೊನ್ನೆ ತಪ್ಪು ತುಂಬಿದಳು ಅಂತ ಇವರು ಬೈದರು. ಆಮೇಲೆ ಎರಡು ಗಂಟೆ ಅಳು." ಮೋಹಿನಿ ಮನೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. "ನನಗೆ ಒಂದು ಝೆರಾಕ್ಸ್ ಮಾಡಿ ಕೊಡ್ತೀರಾ? ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಉಂಟು. ನಾನು ಇಲ್ಲೇ ಕಾಯ್ತೇನೆ."

ಆ ದಿನ ಒಂದರ ಬದಲು ನಾಲ್ಕು ಝೆರಾಕ್ಸ್ ಆಯಿತು. ಒಂದು ಮೋಹಿನಿಗೆ, ಒಂದು ಆನಿಗೆ, ಎರಡು ಕೇಳಿದವರಿಗೆಂದು. ಕೇಳಿದವರು ಮತ್ತೆ ಝೆರಾಕ್ಸ್ ಮಾಡಿಸಿದರು. ಕಪ್ಪು ಬಿಳುಪಿನಲ್ಲಿ ಬಸ್ಸು ಬೂದಿ ಬಣ್ಣದ್ದಾಗಿ ಕಾಪು, ಕಟಪಾಡಿ, ಪಡುಬಿದ್ರಿಯ ಹಾಸಿಗೆಗಳ ಮೇಲೆ ಓಡಾಡಿತು. ಕೆಲವು ಮನೆಗಳಲ್ಲಿ ಮಕ್ಕಳು ನೀಲಿ ಬಣ್ಣ ತಾವೇ ತುಂಬಿದರು.

'ಸುಜ್ಞಾನ ಸಾರಿಗೆ'ಯ ಹಾದಿ ಬೇರೆಯಾಗಿತ್ತು. ಮಣಿಪಾಲದ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, "ಇದನ್ನು ಓದಿದ ಮೇಲೆ ನನ್ನ ಮಗ ರಾತ್ರಿ ಸೂರ್ಯ ಯಾಕೆ ಬಂತು ಅಂತ ಕೇಳಿದ, ನಾನು ಗೂಗಲ್ ನೋಡಿದೆ, ಈಗ ಇಬ್ಬರಿಗೂ ನಿದ್ದೆ ಇಲ್ಲ" ಎಂದು ಬರೆದರು. ಅದರ ಕೆಳಗೆ ಎಪ್ಪತ್ತು ಮಂದಿ ತಮ್ಮ ತಮ್ಮ ಮನೆಯ ಸ್ಥಿತಿ ಹೇಳಿಕೊಂಡರು. ಆದರೆ ಪತ್ರಿಕೆಯ ಭಾನುವಾರದ ಪುಟದಲ್ಲಿ ಒಬ್ಬ ವಿಮರ್ಶಕರು ಅರ್ಧ ಪುಟ ಬರೆದರು. ಮೂರು ಚಕ್ರಗಳು ಭೂತ, ವರ್ತಮಾನ, ಭವಿಷ್ಯಗಳ ಪ್ರತೀಕ ಎಂದೂ, ನಡುವಿನ ಚಕ್ರ ನೆಲಕ್ಕೆ ತಾಗದೆ ಸ್ವಲ್ಪ ಮೇಲಿರುವುದು ವರ್ತಮಾನದ ಅತಂತ್ರ ಸ್ಥಿತಿಯನ್ನು ಧ್ವನಿಸುತ್ತದೆ ಎಂದೂ, ಕನ್ನಡ ಶಿಶುಸಾಹಿತ್ಯದಲ್ಲಿ ಕಾಲಪ್ರಜ್ಞೆ ಇಷ್ಟು ಗಾಢವಾಗಿ ಹಿಂದೆಂದೂ ಬಂದಿರಲಿಲ್ಲ ಎಂದೂ ಅದರಲ್ಲಿತ್ತು. ಎದುರು ಬದಿಯಿಂದ ಚಾಚಿದ ಉಮೈರಾಳ ಕೈ ಅಂದು ಶೀಟಿನ ಕೆಳಗಿನವರೆಗೆ ಎಟುಕಿರಲಿಲ್ಲ, ಅಷ್ಟೇ. ಹದಿನೈದು ದಿನದಲ್ಲಿ ಒಂದು ಪ್ರತಿಷ್ಠಾನದ ಪ್ರಶಸ್ತಿ ಬಂತು. 'ಎಳೆಯ ಮನಸ್ಸುಗಳನ್ನು ನಿದ್ರೆಯಿಂದ ಎಚ್ಚರಿಸಿದ ಕೃತಿ' ಎಂದು ಫಲಕದಲ್ಲಿ ಕೆತ್ತಿತ್ತು. ಮಲಗಿಸಲೆಂದು ಬರೆದ ಪುಸ್ತಕಕ್ಕೆ ಎಚ್ಚರಿಸಿದ್ದಕ್ಕಾಗಿ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇತ್ತು. ಫಲಕದಲ್ಲಿ ಸುಳ್ಳೇನೂ ಇರಲಿಲ್ಲ.

ಜನವರಿಯಲ್ಲಿ ಕಾಪುವಿನಲ್ಲಿ ಒಂದು ದಿನದ ಮಕ್ಕಳ ಸಾಹಿತ್ಯ ಸಮಾವೇಶ ಎಂದಾಯಿತು. ಅಧ್ಯಕ್ಷರು ಡಾಕ್ಟರ್ ಉಮಾನಾಥರು. ಸಮಾವೇಶದ ಕಾರ್ಯದರ್ಶಿ ರೋಹಿತ್ ಎಂಬ ಯುವಕ ಶಹನಾಝಳಿಗೆ ಫೋನ್ ಮಾಡಿದ.

"ಮೇಡಂ, ನೀವು ವಂದನಾರ್ಪಣೆ ಮಾಡಬೇಕು. ವೇದಿಕೆಯಲ್ಲಿ ಸ್ವಲ್ಪ ಎಲ್ಲರೂ ಇರಬೇಕು ಅಂತ ನಮ್ಮ ಸಮಿತಿಯ ಆಸೆ."

"ಎಲ್ಲರೂ ಅಂದರೆ ಎಂತ?"

"ಅಂದರೆ… ನಿಮ್ಮವರೂ."

"ನಮ್ಮವರು ಅಂದರೆ ಎಲ್.ಕೆ.ಜಿ. ಟೀಚರ್‌ಗಳಾ?"

ರೋಹಿತ್ ಗಂಟಲು ಸರಿಮಾಡಿಕೊಂಡ. "ಸೌಹಾರ್ದ ಮೇಡಂ. ಅಧ್ಯಕ್ಷರೇ ನಿಮ್ಮ ಹೆಸರು ಸೂಚಿಸಿದರು. ತುಂಬಾ ವಿಶಾಲ ಮನಸ್ಸು ಅವರದ್ದು."

ಅವಳು ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದಳು. ಆದರೆ ಕೋಣೆಯ ಆಚೆ ಬದಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಕಾಸಿಂ, ಮೊಮ್ಮಗಳನ್ನು ನೋಡಲು ಅಂದು ಉಚ್ಚಿಲಕ್ಕೆ ಬಂದಿದ್ದವರು, "ಹೋಗು" ಎಂದರು. "ವಂದಿಸಲಿಕ್ಕೆ ಅಲ್ವಾ ಕರೆದದ್ದು? ವಂದಿಸಿ ಬಾ. ಯಾರ ಹೆಸರೂ ಬಿಡಬೇಡ."

ಸಮಾವೇಶದ ದಿನ ಉಮಾನಾಥರ ಅಧ್ಯಕ್ಷ ಭಾಷಣ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಮಕ್ಕಳ ಸಮಾವೇಶವಾದ್ದರಿಂದ ಮುಂದಿನ ಸಾಲುಗಳಲ್ಲಿ ನೂರಿಪ್ಪತ್ತು ಮಕ್ಕಳನ್ನು ಕೂರಿಸಿದ್ದರು. ಅವರಲ್ಲಿ ಮುಕ್ಕಾಲು ಪಾಲು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿದ್ದರು. ಪುಸ್ತಕ ಮಾಡಲಾಗದ್ದನ್ನು ಭಾಷಣ ಮಾಡಿತ್ತು. ಒಂದೂವರೆಯಾಗುವಾಗ ಹಿಂದಿನ ಚಪ್ಪರದಿಂದ ಸಾಂಬಾರಿನ ಒಗ್ಗರಣೆಯ ಪರಿಮಳ ಸಭೆಗೆ ನುಗ್ಗಿತು.

ರೋಹಿತ್ ಓಡಿ ಬಂದ. "ಮೇಡಂ, ವಂದನಾರ್ಪಣೆ ಎರಡೇ ನಿಮಿಷ. ಎಲ್ಲರಿಗೂ ಹಸಿವು."

ಶಹನಾಝ್ ಮೈಕಿನ ಮುಂದೆ ಬರುವಷ್ಟರಲ್ಲಿ ವೇದಿಕೆ ಖಾಲಿಯಾಗಿತ್ತು. ಅಧ್ಯಕ್ಷರೇ ಮುಂದಾಗಿ ಊಟದ ಚಪ್ಪರಕ್ಕೆ ನಡೆದಿದ್ದರು. ಅವರ ಹಿಂದೆ ಗಣ್ಯರು, ಗಣ್ಯರ ಹಿಂದೆ ಸಭೆ. ಐದು ನಿಮಿಷದಲ್ಲಿ ಅವಳ ಮುಂದೆ ಉಳಿದದ್ದು ಮಲಗಿದ ಮಕ್ಕಳು, ಅವರನ್ನು ಕಾಯಲು ನಿಂತ ಆನಿ, ಮತ್ತು ಸೌಂಡ್ ಸಿಸ್ಟಮ್ಮಿನ ಡೆನಿಸ್.

"ಇನ್ನು ಯಾರಿಗೆ ಹೇಳುವುದು?" ಎಂದಳು ಶಹನಾಝ್.

ಡೆನಿಸ್ ಬೆರಳಿನಲ್ಲಿ ಹಿಂದಕ್ಕೆ ತೋರಿಸಿದ. "ಹೇಳಿ ಮೇಡಂ. ಊಟದ ಚಪ್ಪರದಲ್ಲಿ ಎರಡು ಸ್ಪೀಕರ್ ಬಾಕ್ಸ್ ಇಟ್ಟಿದ್ದೇನೆ. ಕಳೆದ ಸಲ ಉಮಾನಾಥ ಸರ್ ಮಾತಾಡುವಾಗ ಜನ ಊಟಕ್ಕೆ ಎದ್ದು ಹೋಗಿ ಕೇಳಲೇ ಇಲ್ಲವಂತೆ. ಈ ಸಲ ಅವರೇ ಹೇಳಿ ಹಾಕಿಸಿದ್ದು. ಸೌಂಡು ಜೋರುಂಟು."

ಅವಳು ಬರೆದು ತಂದಿದ್ದ ಚೀಟಿಯನ್ನು ಬಿಡಿಸಿದಳು.

ಚಪ್ಪರದಲ್ಲಿ ಮೊದಲ ಪಂಕ್ತಿಗೆ ಅನ್ನ ಬಡಿಸಿ ಆಗಿತ್ತು. ಉಮಾನಾಥರು ಬಾಳೆಲೆಯ ಮುಂದೆ ನಡುಮಧ್ಯೆ ಕುಳಿತು ಅನ್ನದ ನಡುವೆ ಗುಂಡಿ ಮಾಡಿ ಸಾಂಬಾರಿಗೆ ಕಾಯುತ್ತಿದ್ದರು. ತಲೆಯ ಮೇಲಿನ ಬಾಕ್ಸಿನಿಂದ ಸ್ವಚ್ಛವಾದ ಹೆಣ್ಣು ದನಿ ಬಂತು.

"ಸಮಾವೇಶದ ಅಧ್ಯಕ್ಷರಾದ ಡಾಕ್ಟರ್ ಉಮಾನಾಥ ಸರ್ ಅವರಿಗೆ ಹೃತ್ಪೂರ್ವಕ ವಂದನೆಗಳು."

ಉಮಾನಾಥರು ತಲೆಯಾಡಿಸಿದರು.

"ನನ್ನ ಮಗಳನ್ನು ಮಲಗಿಸಲು ನಾನು ಬರೆದ ಹದಿನಾಲ್ಕು ಹಾಳೆಯ ಪುಸ್ತಕವನ್ನು ಮುನ್ನುಡಿಗೆಂದು ಇಟ್ಟುಕೊಂಡು, ಏಳು ತಿಂಗಳು ಓದಿ, ಕೊನೆಗೆ ತಮ್ಮ ಹೆಸರಿನಲ್ಲೇ ಪ್ರಕಟಿಸಿ ನನಗೆ ಮುದ್ರಣದ ಕಷ್ಟ ತಪ್ಪಿಸಿದ್ದಕ್ಕಾಗಿ ಅವರಿಗೆ ವಂದನೆಗಳು."

ಸಾಂಬಾರಿನ ಬಕೆಟ್ ಹಿಡಿದವನು ನಿಂತ. ಸೌಟು ಅರ್ಧದಲ್ಲೇ ಇತ್ತು.

"ಇಪ್ಪತ್ತೆಂಟು ವರ್ಷ ಈ ರಸ್ತೆಯಲ್ಲಿ ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿದ ನನ್ನ ತಂದೆ ಕಾಸಿಂ ಅವರ ತಲೆಯಿಂದ ಟೊಪ್ಪಿ ತೆಗೆದು, ಪೇಟ ತೊಡಿಸಿ ಸನ್ಮಾನಿಸಿದ್ದಕ್ಕಾಗಿ ವಂದನೆಗಳು. ತಮಗೆ ಪ್ರಾಣವಾದ ಮೀನನ್ನು ಮಕ್ಕಳಿಗಾಗಿ ತ್ಯಾಗ ಮಾಡಿ, ಮೀನಿನ ಅಕ್ಕನ ಬುಟ್ಟಿಗೆ ಮಲ್ಲಿಗೆ ತುಂಬಿದ್ದಕ್ಕಾಗಿ ವಂದನೆಗಳು. ನಂದಿಕೂರಿನಲ್ಲಿ ರಾತ್ರಿ ಎಂಟೂಕಾಲಿಗೆ ಸೂರ್ಯನನ್ನು ಕರೆಸಿದ್ದಕ್ಕಾಗಿ ವಿಶೇಷ ವಂದನೆಗಳು."

ಚಪ್ಪರದ ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಎಲೆಯಿಂದ ಎಲೆಗೆ ಹೋಯಿತು. ಉಮಾನಾಥರು ಏಳಲು ನೋಡಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಣಕೈ ಹಿಡಿದು, "ಪಂಕ್ತಿಯಲ್ಲಿ ನಡುವೆ ಏಳಬಾರದು ಸರ್, ನೀವೇ ಬರೆದಿದ್ದೀರಲ್ಲ, ಒಂಬತ್ತನೇ ಪುಟದಲ್ಲಿ" ಎಂದರು. ಆ ಹಿರಿಯರು ಅದನ್ನು ಭಕ್ತಿಯಿಂದಲೇ ಹೇಳಿದ್ದು. ಆ ಪುಸ್ತಕವನ್ನು ಪೂರ್ತಿ ಓದಿದ್ದ ಜಿಲ್ಲೆಯ ಏಕೈಕ ವ್ಯಕ್ತಿ ಅವರೇ ಇರಬೇಕು.

"ನನ್ನ ಮಗಳು ಸೇರಿಸಿ ಬರೆದ ಮೂರನೇ ಚಕ್ರವನ್ನೂ ಬಿಡದೆ ತೆಗೆದುಕೊಂಡದ್ದಕ್ಕೆ, ಅದರಲ್ಲಿ ಕಾಲವನ್ನು ಕಂಡ ವಿಮರ್ಶಕರಿಗೆ, ಪ್ರಶಸ್ತಿ ಕೊಟ್ಟ ಪ್ರತಿಷ್ಠಾನಕ್ಕೆ, 'ನಿಮ್ಮವರೂ ವೇದಿಕೆಯಲ್ಲಿ ಇರಬೇಕು' ಎಂದು ನನ್ನನ್ನು ಕರೆದ ಸಮಿತಿಗೆ ವಂದನೆಗಳು. ಕೊನೆಯಲ್ಲಿ, ನನ್ನ ಹಾಳೆಗಳನ್ನು ರದ್ದಿಯಿಂದ ಹೆಕ್ಕಿ ಉಳಿಸಿಕೊಟ್ಟ ಮೋಹಿನಿ ಅಮ್ಮನವರಿಗೆ ನಿಜವಾದ ವಂದನೆಗಳು. ಎಲ್ಲರೂ ನಿಧಾನವಾಗಿ ಊಟ ಮಾಡಿ. ಪಾಯಸ ಉಂಟಂತೆ."

ಎಲ್ಲರೂ ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಮೋಹಿನಿಯ ಕಡೆ ತಿರುಗಿದರು. ಅವರು ಪಲ್ಯ ಕಲಸುವುದನ್ನು ನಿಲ್ಲಿಸಿ, ಗಂಡನ ಕಡೆ ನೋಡದೆ, ಯಾರಿಗೆಂದಿಲ್ಲದೆ, "ಹೌದು, ನಾನೇ ಹೆಕ್ಕಿದ್ದು" ಎಂದರು. ಮತ್ತೆ ಕಲಸತೊಡಗಿದರು.

ಉಮಾನಾಥರ ಎಲೆಗೆ ಸಾಂಬಾರು ಬಿತ್ತು. ಅವರು ಉಂಡರು. ಏಳುವಂತಿಲ್ಲದೆ, ಮಾತಾಡುವಂತಿಲ್ಲದೆ, ಪಾಯಸ ಎರಡು ಸಲ ಬರುವವರೆಗೂ ಅಲ್ಲಿಯೇ ಕುಳಿತು ಉಂಡರು. ಕೈ ತೊಳೆಯುವಲ್ಲಿ ಮಾತ್ರ ರೋಹಿತನನ್ನು ಹಿಡಿದು, "ಬಾಕ್ಸ್ ಯಾರು ಇಡಲಿಕ್ಕೆ ಹೇಳಿದ್ದು?" ಎಂದು ಕೇಳಿದರು. "ನೀವೇ ಸರ್" ಎಂದ ರೋಹಿತ್.

ಮರುದಿನದ ಪತ್ರಿಕೆಯಲ್ಲಿ ಸಮಾವೇಶದ ವರದಿ ಮೂರು ಕಾಲಂ ಬಂತು. ಅಧ್ಯಕ್ಷರ ಭಾಷಣದಿಂದ ಎಂಟು ವಾಕ್ಯ, ದೀಪ ಹಚ್ಚಿದವರ ಫೋಟೊ, ಗಣ್ಯರ ಹೆಸರುಗಳು. ಕೊನೆಯಲ್ಲಿ, 'ಶಿಕ್ಷಕಿ ಶಹನಾಝ್ ವಂದಿಸಿದರು.'

ಕಾಸಿಂ ಅದನ್ನು ಗಟ್ಟಿಯಾಗಿ ಓದಿ, "ಸರಿಯಾಗಿಯೇ ಬರೆದಿದ್ದಾರೆ" ಎಂದರು.

ಮೋಹಿನಿ ಆ ವಾರ ಮೋಕ್ಷಾಳನ್ನು ಕರೆದುಕೊಂಡು ಮಗಳ ಮನೆಗೆ ಹೋದರು, ಹತ್ತು ದಿನ ಬರಲಿಲ್ಲ. ಉಮಾನಾಥರು ಸುಮಾರು ಒಂದು ತಿಂಗಳು ಯಾರಿಗೂ ಮುನ್ನುಡಿ ಬರೆಯಲಿಲ್ಲ. ಆ ತಿಂಗಳು ಜಿಲ್ಲೆಯಲ್ಲಿ ಆರು ಪುಸ್ತಕಗಳು ಮುನ್ನುಡಿಯಿಲ್ಲದೆ ಬಂದವು, ಯಾರಿಗೂ ಏನೂ ಆಗಲಿಲ್ಲ. ಅನಂತರ ಅವರು 'ಬರಹಗಾರನ ಏಕಾಂತ' ಎಂಬ ಲೇಖನ ಬರೆದು, ಕರಾವಳಿಯಲ್ಲಿ ಕೃತಜ್ಞತೆ ಎಂಬುದು ಕಡಿಮೆಯಾಗುತ್ತಿದೆ ಎಂದು ವಿಷಾದಿಸಿದರು. ಅದಕ್ಕೂ ಒಂದು ಶಾಲು ಬಂತು. ಪುಸ್ತಕದ ಉಳಿದ ಪ್ರತಿಗಳು ಗ್ರಂಥಾಲಯಗಳಿಗೆ ಹೋದವು. ಅಲ್ಲಿ ಅವು ಈಗಲೂ ಸುಖವಾಗಿ ಮಲಗಿವೆ.

ಲೂಯಿಸ್ ಒಂದು ಬೆಳಿಗ್ಗೆ ತಾವಾಗಿಯೇ ಉಚ್ಚಿಲಕ್ಕೆ ಬಂದರು. ಅವರೂ ಅಂದು ಚಪ್ಪರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತಿದ್ದವರು. "ನಾನೇ ಅವರ ಹತ್ತಿರ ಕಳಿಸಿದ್ದಲ್ವಾ ನಿಮ್ಮನ್ನು? ನನಗೆ ಮನಸ್ಸಿಗೆ ಆಗುವುದಿಲ್ಲ. ಬಣ್ಣದಲ್ಲೇ ಮಾಡುವ, ಮುನ್ನುಡಿ ಬೇಡ" ಎಂದರು. ಟೊಪ್ಪಿ, ಮೀನಿನ ಬುಟ್ಟಿ, ಮೂರನೇ ಚಕ್ರ ಎಲ್ಲವೂ ಇದ್ದ ಹಾಗೆಯೇ ಬಂತು. ಮೊದಲ ಪ್ರತಿಯನ್ನು ಕಾಸಿಂ ಬಹಳ ಹೊತ್ತು ನೋಡಿ, ಬಸ್ಸಿನ ಹಿಂದಿನ ಬಾಗಿಲಿನ ಮೆಟ್ಟಿಲು ಒಂದು ಹೆಚ್ಚಾಗಿದೆ ಎಂದು ತಕರಾರು ತೆಗೆದರು. ಮಾರಾಟ ಆಯಿತು, ತುಂಬಾ ಏನಲ್ಲ. ಮನೆಮನೆಯಲ್ಲಿ ಆಗಲೇ ಝೆರಾಕ್ಸ್ ಇತ್ತಲ್ಲ.

ಅಷ್ಟರಲ್ಲಿ ಉಮೈರಾಳಿಗೆ ಐದಾಗಿತ್ತು. ಅಚ್ಚಾದ ಪುಸ್ತಕ ತೆರೆದ ಮೊದಲ ದಿನವೇ ಅವಳು, "ಬಸ್ಸು ಸಾಕು ಉಮ್ಮಾ. ಜೆಸಿಬಿ ಹೇಗೆ ಮಲಗುವುದು?" ಎಂದು ಕೇಳಿದಳು.

ಶಹನಾಝಳಿಗೆ ಗೊತ್ತಿರಲಿಲ್ಲ. ಭಾನುವಾರ ಸಂಜೆ ತಂದೆಯನ್ನೂ ಮಗಳನ್ನೂ ಕರೆದುಕೊಂಡು ಕಾರ್ಕಳದ ಹೊರಗಿನ ಒಂದು ಕಲ್ಲಿನ ಕೋರೆಯ ಬಳಿ ಹೋದಳು. ಕೆಲಸ ಮುಗಿಸಿದ ಆಪರೇಟರು ಯಂತ್ರವನ್ನು ಬದಿಗೆ ತಂದು, ಅದರ ಉದ್ದನೆಯ ಕೈಯನ್ನು ನಿಧಾನಕ್ಕೆ ಮಡಚಿ, ಬಕೆಟ್ಟನ್ನು ನೆಲಕ್ಕೆ ಊರಿ, ಇಂಜಿನ್ ಬಂದ್ ಮಾಡಿ ಇಳಿದ. ಉಮೈರಾ ಉಸಿರು ಬಿಗಿಹಿಡಿದು ನೋಡಿದಳು.

"ಗಲ್ಲ ನೆಲಕ್ಕೆ ಇಟ್ಟು ಮಲಗ್ತದೆ" ಎಂದಳು.

ಶಹನಾಝ್ ಬ್ಯಾಗಿನಿಂದ ಹಾಳೆ ತೆಗೆದಳು. ಕಾಸಿಂ ಹತ್ತಿರದ ಕಲ್ಲಿನ ಮೇಲೆ ಕುಳಿತು, ಈ ಸಲ ಮೆಟ್ಟಿಲು ಸರಿಯಾಗಿ ಎಣಿಸು ಎಂದರು.